ತಲಕಾವೇರಿಗೆ ಹೋಗುವ ಮೊದಲು ಭಾಗಮಂಡಲ

ಅಕ್ಟೋಬರ್ ತಿಂಗಳ ನಡುವಿನಲ್ಲಿ ತಲಕಾವೇರಿಯಲ್ಲಿ ಕಾವೇರಿಯ ಉಗಮವೆನಿಸಿದ ಪುಟ್ಟ ಕುಂಡ ಬ್ರಹ್ಮಕುಂಡಿಕೆಯ ಸುತ್ತ ಸೇರುವ ಜನಸ್ತೋಮವನ್ನು ಟಿ.ವಿ.ಯಲ್ಲಿ ಕಂಡವರಿಗೆ ಕಾವೇರಿ ಜಾತ್ರೆಯೆಂದರೆ ಒಂದು ಗಳಿಗೆಯ ಸಂಭ್ರಮವೆಂದೇ ತೋರುತ್ತದೆ. ಹಳೆಯ ದೇವಾಲಯಗಳ ಮರ, ಕಲ್ಲು, ಛಾವಣಿಗಳ ಸಂರಕ್ಷಣೆಯನ್ನು ವೃತ್ತಿಯಾಗಿಸಿಕೊಂಡ ನನಗೆ ಈ ಕ್ಷೇತ್ರ ಬೇರೆಯೇ ರೀತಿಯಲ್ಲಿ ಕಾಣುತ್ತದೆ. ಇಲ್ಲಿಯ ಜಾತ್ರೆ ಸಿದ್ಧತೆಯೂ ಸೇರಿದರೆ ಒಂದು ತಿಂಗಳನ್ನು ಮೀರಿದ್ದು. ಅದರ ಕೀಲು ಇರುವುದು ಬೆಟ್ಟದ ಮೇಲಲ್ಲ, ಎಂಟು ಕಿಲೋಮೀಟರ್ ಕೆಳಗೆ, ಕಾವೇರಿಯು ಕನ್ನಿಕೆಯನ್ನೂ ಗುಪ್ತಗಾಮಿನಿ ಸುಜ್ಯೋತಿಯನ್ನೂ ಕೂಡುವ ಭಾಗಮಂಡಲದಲ್ಲಿ.

ಪುರಾಣದ ಕಾವೇರಿ ಕವೇರ ಮುನಿಯ ಮಗಳು, ಅಗಸ್ತ್ಯರ ಕಮಂಡಲುವಿನಿಂದ ಹೊರಚಿಮ್ಮಿ ಹರಿದವಳು. ಆಕೆ ಮೊದಲು ಕಾಣಿಸಿಕೊಳ್ಳುವ ಬ್ರಹ್ಮಗಿರಿಯ ಸೆರಗು ಸಮುದ್ರ ಮಟ್ಟದಿಂದ ಸುಮಾರು 1,276 ಮೀಟರ್ ಎತ್ತರದಲ್ಲಿದೆ. ಕುಂಡಿಕೆಯ ನೀರು ಅಲ್ಲಿಂದಲೇ ಹೊಳೆಯಾಗಿ ಹರಿಯುವುದಿಲ್ಲ. ನೆಲದೊಳಗೆ ಇಳಿದು, ಸ್ವಲ್ಪ ದೂರದ ಕೆಳಗೆ ಮತ್ತೆ ಕಾಣಿಸಿಕೊಳ್ಳುತ್ತದೆ. ಹೀಗಾಗಿ ಕಾವೇರಿಯನ್ನು ನದಿಯ ರೂಪದಲ್ಲಿ ಕಂಡು, ಅದರಲ್ಲಿ ಮಿಂದು, ಪಿತೃಗಳಿಗೆ ಪಿಂಡವಿಟ್ಟು, ಮುಡಿ ಕೊಡುವ ಕರ್ಮಗಳೆಲ್ಲ ತ್ರಿವೇಣಿ ಸಂಗಮದಲ್ಲಿ ನೆಲೆಗೊಂಡವು. ಸಂಗಮದಲ್ಲಿ ಸ್ನಾನ, ಭಗಂಡೇಶ್ವರನ ದರ್ಶನ, ಬಳಿಕ ಬೆಟ್ಟ ಎಂಬ ಕ್ರಮವನ್ನು ಹಿರಿಯರು ಇಂದಿಗೂ ಬಿಟ್ಟಿಲ್ಲ. ವಾಹನದಲ್ಲಿ ನೇರವಾಗಿ ಮೇಲೆ ಹೋಗಿ, ಇಳಿಯುವಾಗ ಸಮಯ ಉಳಿದರೆ ಭಾಗಮಂಡಲ ನೋಡುವವರು ಕ್ಷೇತ್ರವನ್ನು ತಲೆಕೆಳಗಾಗಿ ನೋಡುತ್ತಿದ್ದಾರೆ ಎಂಬುದು ನನ್ನ ಅಭಿಪ್ರಾಯ.

ಭಗಂಡ ಮಹರ್ಷಿಗಳು ಪ್ರತಿಷ್ಠಾಪಿಸಿದ ಶಿವಲಿಂಗದಿಂದ ಭಗಂಡೇಶ್ವರನೆಂಬ ಹೆಸರು ಬಂದಿದೆಯೆಂಬುದು ಸ್ಥಳಪುರಾಣ. ಪ್ರಾಕಾರದೊಳಗೆ ಈಶ್ವರನ ಜೊತೆಗೆ ಸುಬ್ರಹ್ಮಣ್ಯ, ಮಹಾವಿಷ್ಣು, ಗಣಪತಿಯರ ಗುಡಿಗಳೂ ಇವೆ. ಬಯಲುಸೀಮೆಯಿಂದ ಬಂದವರು ಇಲ್ಲಿ ಎತ್ತರದ ಗೋಪುರವನ್ನು ಹುಡುಕುತ್ತಾರೆ; ಕಾಣುವುದು ಇಳಿಜಾರಿನ ತಾಮ್ರದ ಛಾವಣಿ, ಅದರ ಕೆಳಗೆ ಕೆತ್ತನೆಯ ಮರದ ಒಳಮಾಡು, ನಡುವೆ ತೆರೆದ ಅಂಗಳ. ಇದನ್ನು ಕೇರಳ ಶೈಲಿ ಎಂದು ಹೇಳಿ ಮುಂದೆ ಹೋಗುವುದು ವಾಡಿಕೆ. ಆದರೆ ಶೈಲಿಗಿಂತ ಮೊದಲು ಮಳೆ ಇಲ್ಲಿಯ ವಾಸ್ತುವನ್ನು ನಿರ್ಧರಿಸಿದೆ. ರಾಜ್ಯದಲ್ಲಿ ಅತಿ ಹೆಚ್ಚು ಮಳೆ ಬೀಳುವ ಜಾಗಗಳಲ್ಲಿ ಒಂದಾದ ಈ ಕಣಿವೆಯಲ್ಲಿ ಚಪ್ಪಟೆ ಕಲ್ಲಿನ ಮಾಡು ಸಂದು ಸಂದಿನಲ್ಲೂ ಸೋರುತ್ತದೆ; ಕಡಿದಾದ ಇಳಿಜಾರು ನೀರನ್ನು ನಿಲ್ಲಗೊಡುವುದಿಲ್ಲ, ಮುಂದಕ್ಕೆ ಚಾಚಿದ ಸೂರು ಗೋಡೆಯನ್ನೂ ಕೆತ್ತನೆಯನ್ನೂ ಎರಚಲಿನಿಂದ ಕಾಯುತ್ತದೆ. ತಾಮ್ರದ ಮೇಲೆ ಕಾಲಕ್ರಮದಲ್ಲಿ ಮೂಡುವ ಹಸಿರು ಪದರವು ಒಳಗಿನ ಲೋಹವನ್ನು ರಕ್ಷಿಸುವುದರಿಂದ, ಚಂದ ಕಾಣಲೆಂದು ಅದನ್ನು ಉಜ್ಜಿ ಹೊಳಪಿಸುವುದು ತರವಲ್ಲ. ಮರಕ್ಕೆ ನಿಜವಾದ ಅಪಾಯ ಮಳೆಗಿಂತ ಹೆಚ್ಚಾಗಿ ಮಳೆಯ ನಂತರದ ತೇವದಿಂದ. ಗಾಳಿಯಾಡುವ ಕಿಂಡಿಗಳನ್ನು ಹಲಗೆಯಿಂದಲೋ ಗಾಜಿನಿಂದಲೋ ಮುಚ್ಚಿದ ಗುಡಿಗಳಲ್ಲಿ ತೊಲೆಗಳು ಒಳಗಿನಿಂದಲೇ ಮೆತ್ತಗಾಗುತ್ತವೆ.

ಕೇರಳದ ನಂಟಿಗೆ ದಾರಿಯೂ ಕಾರಣ. ಭಾಗಮಂಡಲದಿಂದ ಕರಿಕೆಯ ಮೂಲಕ ಪಾಣತ್ತೂರಿಗೆ ಇಳಿಯುವ ಮಾರ್ಗ ಕೊಡಗನ್ನು ಕಾಸರಗೋಡಿನ ಕರಾವಳಿಗೆ ಜೋಡಿಸುತ್ತದೆ. ಇಲ್ಲಿ ದೊರೆತ, ಬೋಧರೂಪ ಭಗವರ ಹೆಸರಿರುವ ಹಳೆಯ ಶಾಸನದ ಲಿಪಿಯೂ ಘಟ್ಟದ ಕೆಳಗಿನ ಸಂಪರ್ಕವನ್ನೇ ತೋರಿಸುತ್ತದೆ. ಶಾಸನತಜ್ಞ ಬಿ.ಎಲ್. ರೈಸ್ ಅವರು 1886ರಲ್ಲಿ ಕೊಡಗಿನ ಶಾಸನಗಳನ್ನು ಮೊದಲು ಪ್ರಕಟಿಸಿ, 1914ರಲ್ಲಿ ಪರಿಷ್ಕರಿಸಿದರು. ಇದೇ ಘಟ್ಟದ ದಾರಿಯಿಂದಾಗಿ ಊರಿಗೆ ಸೈನಿಕ ಮಹತ್ವವೂ ಬಂದಿತು. 1780ರ ದಶಕದಲ್ಲಿ ಟಿಪ್ಪು ಸುಲ್ತಾನನ ಸೈನ್ಯ ಭಾಗಮಂಡಲವನ್ನು ಹಿಡಿದು ಕೋಟೆಯಾಗಿ ಬಳಸಿತು. ಊರಿಗೆ ಅಫ್ಜಲಾಬಾದ್ ಎಂಬ ಹೆಸರೂ ಬಿತ್ತು. 1790ರಲ್ಲಿ ಹಾಲೇರಿ ವಂಶದ ದೊಡ್ಡವೀರರಾಜೇಂದ್ರ ಅದನ್ನು ಮರಳಿ ಗೆದ್ದನು. ಕೊಡಗು 1834ರಲ್ಲಿ ಬ್ರಿಟಿಷರ ಪಾಲಾಯಿತು, ಜಾತ್ರೆ ನಿಲ್ಲಲಿಲ್ಲ.

ಜಾತ್ರೆಯ ಕ್ರಮ ತುಲಾ ಸಂಕ್ರಮಣಕ್ಕೆ ಮೂರು ವಾರಗಳಷ್ಟು ಮೊದಲೇ ತೊಡಗುತ್ತದೆ. ಪತ್ತಾಯಕ್ಕೆ ಅಕ್ಕಿ ಹಾಕುವುದು, ಆಜ್ಞಾ ಮುಹೂರ್ತ, ಅಕ್ಷಯ ಪಾತ್ರೆ ಇರಿಸುವುದು, ಕಾಣಿಕೆ ಡಬ್ಬಿ ಇರಿಸುವುದು ಇವೆಲ್ಲ ಒಂದಾದ ಮೇಲೊಂದರಂತೆ ನಿಗದಿತ ಮುಹೂರ್ತಗಳಲ್ಲಿ ನಡೆಯುತ್ತವೆ. ಕಣಜದ ಅಕ್ಕಿಯಿಂದ ಆರಂಭವಾಗುವುದರಲ್ಲಿ ಅರ್ಥವಿದೆ: ಬಂದ ಯಾತ್ರಿಕರಿಗೆ ಅನ್ನವಿಲ್ಲದೆ ತಿಂಗಳ ಜಾತ್ರೆಯನ್ನು ನಡೆಸಲಾಗದು. ಸಂಕ್ರಮಣದ ಗಳಿಗೆಯಲ್ಲಿ ಕುಂಡಿಕೆಯಲ್ಲಿ ನೀರುಕ್ಕುವ ತೀರ್ಥೋದ್ಭವಕ್ಕೆ ಮುನ್ನ ದೇವಿಯ ಆಭರಣಗಳು ಭಗಂಡೇಶ್ವರ ದೇವಾಲಯದಿಂದ ಮೆರವಣಿಗೆಯಲ್ಲಿ ಬೆಟ್ಟವೇರುತ್ತವೆ.

ತೀರ್ಥೋದ್ಭವದ ಸಮಯ ಪ್ರತಿ ವರ್ಷ ಏಕೆ ಬದಲಾಗುತ್ತದೆ ಎಂದು ಕೇಳುವವರು ಬಹಳ. ಸೂರ್ಯನು ನಿರಯನ, ಎಂದರೆ ನಕ್ಷತ್ರಗಳನ್ನು ಆಧರಿಸಿ ಗುರುತಿಸಿದ, ತುಲಾ ರಾಶಿಯನ್ನು ಪ್ರವೇಶಿಸುವ ಗಳಿಗೆಯೇ ಸಂಕ್ರಮಣ. ಈ ಸೌರವರ್ಷದ ಅವಧಿ 365 ದಿನ 6 ಗಂಟೆ 9 ನಿಮಿಷಗಳಷ್ಟು ಇರುವುದರಿಂದ ಗಳಿಗೆ ವರ್ಷಕ್ಕೆ ಆರು ಗಂಟೆ ಮುಂದಕ್ಕೆ ಸರಿಯುತ್ತದೆ. ಅಧಿಕ ವರ್ಷದ ಫೆಬ್ರವರಿ 29 ಅದನ್ನು ಒಂದು ದಿನ ಹಿಂದಕ್ಕೆ ಎಳೆಯುತ್ತದೆ. 2022ರಲ್ಲಿ ಅದು ಅಕ್ಟೋಬರ್ 17ರ ಸಂಜೆ ಬಂದರೆ, 2023ರಲ್ಲಿ ನಡುರಾತ್ರಿ ದಾಟಿ 18ನೇ ತಾರೀಕಾಗಿತ್ತು. 2024ರಲ್ಲಿ 17ರ ಬೆಳಿಗ್ಗೆ, 2025ರಲ್ಲಿ 17ರ ಮಧ್ಯಾಹ್ನ ಬಂದಿತು. ಪಂಚಾಂಗದ ನಿಮಿಷಕ್ಕೂ ಕುಂಡಿಕೆಯಲ್ಲಿ ನೀರುಕ್ಕಿದ ನಿಮಿಷಕ್ಕೂ ಇರುವ ಅಂತರವನ್ನು ಗಡಿಯಾರ ಹಿಡಿದು ಚರ್ಚಿಸುವುದು ಈಚಿನ ಹವ್ಯಾಸ. ನೈರುತ್ಯ ಮುಂಗಾರು ಹಿಂದೆ ಸರಿಯುವ, ಬೆಟ್ಟದ ಮಣ್ಣಿನಲ್ಲಿ ನೀರು ಇನ್ನೂ ತುಂಬಿರುವ ಕಾಲಕ್ಕೆ ಈ ಹಬ್ಬ ಬರುತ್ತದೆಯೆಂಬುದು ನನಗೆ ಅದಕ್ಕಿಂತ ಗಮನಾರ್ಹವಾಗಿ ಕಾಣುತ್ತದೆ.

ಬೆಟ್ಟಕ್ಕೆ ಹೋಗದವರಿಗೂ ಹಬ್ಬ ತಪ್ಪುವುದಿಲ್ಲ. ಕೊಡವರು ಕಾವೇರಿ ಚಂಗ್ರಾಂದಿಯೆಂದು ಕರೆಯುವ ಈ ಸಂಕ್ರಮಣದಲ್ಲಿ ಮನೆಮನೆಗಳಲ್ಲಿ ಕಣಿ ಪೂಜೆ ನಡೆಯುತ್ತದೆ. ತೆಂಗಿನಕಾಯಿಗೋ ಸೌತೆಕಾಯಿಗೋ ಕೆಂಪು ವಸ್ತ್ರ ಸುತ್ತಿ, ಆಭರಣ ತೊಡಿಸಿ, ಅದನ್ನೇ ಕಾವೇರಮ್ಮನೆಂದು ಅಕ್ಕಿ, ವೀಳ್ಯದೆಲೆಗಳ ನಡುವೆ ಇರಿಸಿ ಹಿರಿಯರಿಂದ ಕಿರಿಯರವರೆಗೆ ಎಲ್ಲರೂ ನಮಸ್ಕರಿಸುತ್ತಾರೆ. ಗದ್ದೆಗೂ ಬಾವಿಯ ಬಳಿಗೂ ಬೊತ್ತು, ಎಂದರೆ ಬಳ್ಳಿ ಸುತ್ತಿದ ಕೋಲು, ನೆಡುವ ಪದ್ಧತಿಯೂ ಇದರೊಂದಿಗೆ ಸೇರಿದೆ. ಅಂದು ಮಾಂಸದಡುಗೆಯಿಲ್ಲ, ದೋಸೆ ಮತ್ತು ಕುಂಬಳಕಾಯಿಯ ಪಲ್ಯವೇ ಊಟ. ತಂದ ತೀರ್ಥವನ್ನು ವರ್ಷವಿಡೀ ಜೋಪಾನವಾಗಿಟ್ಟು, ಕೊನೆಯುಸಿರಿನಲ್ಲಿರುವವರ ಬಾಯಿಗೆ ಒಂದು ತೊಟ್ಟು ಬಿಡುವುದು ಅರೆಭಾಷೆ ಗೌಡರ ಮನೆಗಳಲ್ಲೂ ಕೊಡವರ ಐನ್‌ಮನೆಗಳಲ್ಲೂ (ಕುಲದ ಮೂಲಮನೆಗಳಲ್ಲೂ) ಇರುವ ರೂಢಿ.

ನದಿಯ ಜೊತೆಗೆ ಜಾತ್ರೆಯೂ ಕೆಳಗಿಳಿಯುತ್ತದೆ. ಸಂಕ್ರಮಣದ ಮರುದಿನ ಮೂರ್ನಾಡು ಕಡೆಯ ಬಲಮುರಿಯಲ್ಲಿ ಜನ ಸೇರುತ್ತಾರೆ. ತನ್ನನ್ನು ತಡೆದ ಹೆಂಗಸರ ಸೀರೆಯ ನೆರಿಗೆಗಳನ್ನು ಕಾವೇರಿಯ ರಭಸ ಹಿಂದಕ್ಕೆ ಸರಿಸಿತೆಂದೂ, ಕೊಡವತಿಯರು ಇಂದಿಗೂ ನೆರಿಗೆಯನ್ನು ಹಿಂದೆ ಉಡುವುದು ಅದರಿಂದಲೇ ಎಂದೂ ಹೇಳುವ ಕಥೆ ಈ ಸ್ಥಳದ್ದು. ಇನ್ನೂ ಕೆಳಗೆ ಸಿದ್ದಾಪುರ ಸಮೀಪದ ಗುಹ್ಯದಲ್ಲಿ ಅಗಸ್ತ್ಯೇಶ್ವರ, ಕುಶಾಲನಗರ ಸಮೀಪದ ಕಣಿವೆಯಲ್ಲಿ ರಾಮಲಿಂಗೇಶ್ವರ. ಶ್ರೀರಂಗಪಟ್ಟಣವನ್ನು ದಾಟಿ ತಮಿಳುನಾಡಿನ ಶ್ರೀರಂಗ, ಮಯಿಲಾಡುತುರೈಗಳವರೆಗೂ ಇದೇ ತಿಂಗಳು ತುಲಾಸ್ನಾನದ ತಿಂಗಳು. ತಿಂಗಳ ಯಾವ ದಿನವಾದರೂ ಸ್ನಾನಕ್ಕೆ ಸಲ್ಲುತ್ತದೆಯೆಂಬ ಈ ಉದಾರತೆಯನ್ನು ಮರೆತು ಎಲ್ಲರೂ ಒಂದೇ ದಿನ ಒಂದೇ ಬೆಟ್ಟಕ್ಕೆ ಹೋಗುತ್ತಿದ್ದೇವೆ.

ಆ ಬೆಟ್ಟಕ್ಕೆ ಅಷ್ಟು ಭಾರ ಹೊರುವ ಶಕ್ತಿಯಿಲ್ಲವೆಂಬುದು 2020ರ ಆಗಸ್ಟ್‌ನಲ್ಲಿ ಸ್ಪಷ್ಟವಾಯಿತು. ಬ್ರಹ್ಮಗಿರಿ ಕುಸಿದು ಪ್ರಧಾನ ಅರ್ಚಕರ ಮನೆಯೇ ಮಣ್ಣಿನಡಿ ಸೇರಿತು. ಮುಂಗಾರಿನಲ್ಲಿ ಭಾಗಮಂಡಲದ ರಸ್ತೆಗಳು ಸಂಗಮದ ನೀರಿನಲ್ಲಿ ಮುಳುಗುವುದು ಹಳೆಯ ಸಂಗತಿ. ಅದಕ್ಕೆ ಮೇಲ್ಸೇತುವೆಯೊಂದು ಬಂದಿದೆ. ಬೆಟ್ಟಕ್ಕೆ ಅಂಥ ಸುಲಭ ಪರಿಹಾರವಿಲ್ಲ. ಇಳಿಜಾರನ್ನು ಕಡಿದು ವಾಹನ ನಿಲುಗಡೆಗಾಗಿ ಸಮತಟ್ಟು ಮಾಡುವ ಬದಲು ವಾಹನಗಳನ್ನು ಕೆಳಗೆ ನಿಲ್ಲಿಸಿ ಬಸ್ಸಿನಲ್ಲಿ ಕರೆದೊಯ್ಯುವುದು, ಮಳೆನೀರು ಸಹಜವಾಗಿ ಇಳಿಯುವ ತೋಡುಗಳನ್ನು ಕಾಂಕ್ರೀಟಿನಿಂದ ಮುಚ್ಚದಿರುವುದು, ಇವೆರಡನ್ನು ವರ್ಷಪೂರ್ತಿ ಪಾಲಿಸಬೇಕು.

ಜನಸಂದಣಿ ಬೇಡವೆನ್ನುವವರು ತುಲಾ ತಿಂಗಳ ಹತ್ತನೆಯ ದಿನವಾದ ಪತ್ತಾಲೋದಿಗೋ, ನವೆಂಬರ್ ನಡುವಿನ ಕಿರು ಸಂಕ್ರಮಣಕ್ಕೋ ಬರಬಹುದು. ಆ ಹೊತ್ತಿಗೆ ಮಳೆ ಬಹುಮಟ್ಟಿಗೆ ಬಿಟ್ಟಿರುತ್ತದೆ. ಸಂಗಮದ ಮೆಟ್ಟಿಲುಗಳಲ್ಲಿ ಆತುರವಿಲ್ಲದೆ ಮಿಂದು, ಭಗಂಡೇಶ್ವರನ ಅಂಗಳದಲ್ಲಿ ನಿಂತು ಒಳಮಾಡಿನ ಕೆತ್ತನೆಯನ್ನು ಸಾವಧಾನವಾಗಿ ನೋಡಲು ಸಾಧ್ಯವಾಗುತ್ತದೆ. ನಮ್ಮಂಥವರು ಏಣಿ ಹಾಕಿ ಛಾವಣಿಯ ತಗಡು, ತೊಲೆಗಳನ್ನು ಪರೀಕ್ಷಿಸಲು ತಕ್ಕ ಕಾಲವೂ ಅದರ ನಂತರದ್ದೇ.