ಮಳೆ ಬಂದರೆ ನಾನ್-ಲೀಗ್ ಪಂದ್ಯ ನಡೆಯುತ್ತದೆಯೇ?

ಪ್ರಶ್ನೆ: ನಾವು ಇಂಗ್ಲೆಂಡಿಗೆ ಬಂದು ಎರಡು ವರ್ಷವಾಯಿತು. ಪ್ರೀಮಿಯರ್ ಲೀಗ್ ಟಿಕೆಟ್ ದುಬಾರಿ, ಸಿಗುವುದೂ ಕಷ್ಟ. ಹಾಗಾಗಿ ಈ ಶನಿವಾರ ಮಗನನ್ನು ಹತ್ತಿರದ ಸಣ್ಣ ಕ್ಲಬ್ಬಿನ ನಾನ್-ಲೀಗ್ ಫುಟ್ಬಾಲ್ ಪಂದ್ಯಕ್ಕೆ ಕರೆದೊಯ್ಯಬೇಕೆಂದಿದ್ದೇನೆ. ಆದರೆ ದಿನವಿಡೀ ಮಳೆ ಎನ್ನುತ್ತಿದೆ ಹವಾಮಾನ ವರದಿ. ಪಂದ್ಯ ನಡೆಯುತ್ತದೆಯೋ ಇಲ್ಲವೋ ಎಂಬುದನ್ನು ಮನೆ ಬಿಡುವ ಮೊದಲೇ ತಿಳಿಯುವುದು ಹೇಗೆ?

ಉತ್ತರ: ಮಳೆ ಸುರಿಯುತ್ತಿದೆ ಎಂಬ ಒಂದೇ ಕಾರಣಕ್ಕೆ ಫುಟ್ಬಾಲ್ ನಿಲ್ಲುವುದಿಲ್ಲ, ಬಿದ್ದ ನೀರು ನೆಲದೊಳಗೆ ಇಳಿಯದೆ ಹುಲ್ಲಿನ ಮೇಲೆಯೇ ನಿಂತಾಗ ನಿಲ್ಲುತ್ತದೆ. ನಾಲ್ಕು ಹನಿ ಬಿದ್ದೊಡನೆ ಹೊದಿಕೆ ಎಳೆದುಕೊಂಡು ಓಡಿಬರುವ ಸಿಬ್ಬಂದಿಯನ್ನು ಕ್ರಿಕೆಟ್ಟಿನಲ್ಲಿ ನೋಡುತ್ತ ಬೆಳೆದ ನಮಗೆ ಈ ವ್ಯತ್ಯಾಸ ಒಗ್ಗಲು ಸ್ವಲ್ಪ ಕಾಲ ಬೇಕು. ಆದ್ದರಿಂದ ಶನಿವಾರದ ಮಳೆಗಿಂತ ಗುರುವಾರ, ಶುಕ್ರವಾರಗಳ ಮಳೆಯನ್ನು ಗಮನಿಸಿ. ಲಂಡನ್ ಸುತ್ತಮುತ್ತಲಿನಂತಹ ಜೇಡಿಮಣ್ಣಿನ ನೆಲ ಒಮ್ಮೆ ನೀರು ಕುಡಿದು ತಣಿಯಿತೆಂದರೆ ಮತ್ತೆ ಬಿದ್ದದ್ದೆಲ್ಲ ಮೇಲೆಯೇ ಉಳಿಯುತ್ತದೆ.

ಇಂಗ್ಲೆಂಡಿನ ಮೊದಲ ನಾಲ್ಕು ಹಂತಗಳ 92 ಕ್ಲಬ್‌ಗಳನ್ನು ಬಿಟ್ಟು, ಐದನೆಯ ಹಂತದ ನ್ಯಾಷನಲ್ ಲೀಗಿನಿಂದ ಕೆಳಕ್ಕೆ ಇರುವುದೆಲ್ಲವೂ ನಾನ್-ಲೀಗ್. 1888ರಲ್ಲಿ ಹುಟ್ಟಿದ ಫುಟ್ಬಾಲ್ ಲೀಗಿನ ಹೊರಗಿನವರು ಎಂಬುದೇ ಆ ಹೆಸರಿನ ಮೂಲ. ನೀರನ್ನು ನೆಲದಡಿಯಿಂದ ಎಳೆದುಬಿಡುವ ನಮ್ಮ ಚಿನ್ನಸ್ವಾಮಿ ಕ್ರೀಡಾಂಗಣದ ಸಬ್‌ಏರ್‌ನಂತಹ ವ್ಯವಸ್ಥೆಯನ್ನು ಇಲ್ಲಿನ ಸಣ್ಣ ಕ್ಲಬ್‌ಗಳಲ್ಲಿ ನಿರೀಕ್ಷಿಸಬೇಡಿ. ಅಲ್ಲಿರುವುದು ಒಂದಿಷ್ಟು ಮರಳು, ನೆಲಕ್ಕೆ ಚುಚ್ಚಿ ತೂತು ಮಾಡುವ ಫೋರ್ಕ್, ಉದ್ದ ಹಿಡಿಯ ವೈಪರ್ ಮತ್ತು ಸಂಬಳವಿಲ್ಲದೆ ಬೆಳಿಗ್ಗೆಯೇ ಬಂದು ನೀರು ತಳ್ಳುವ ನಾಲ್ಕಾರು ಹಿರಿಯರು.

ಆಡಬಹುದೇ ಎಂಬ ಕೊನೆಯ ಮಾತು ರೆಫರಿಯದು. ಅನುಮಾನವಿದ್ದರೆ ಬೆಳಿಗ್ಗೆಯೇ ಸ್ಥಳೀಯ ರೆಫರಿಯೊಬ್ಬರು ಬಂದು ನೋಡುವುದುಂಟು. ಆ ಪರೀಕ್ಷೆಯನ್ನು ಒಮ್ಮೆ ಬೇಲಿಗೆ ಒರಗಿ ನಿಂತು ನೋಡಿದ್ದೇನೆ. ರೆಫರಿ ಮೈದಾನದ ನಡುವೆ ಚೆಂಡನ್ನು ಎದೆಯೆತ್ತರದಿಂದ ಬಿಟ್ಟರು, ಅದು ಮೊಣಕಾಲಿನಷ್ಟು ಪುಟಿಯಿತು. ಗೋಲಿನ ಮುಂದೆ ಬಿಟ್ಟಾಗ ಪಚಕ್ಕೆಂದು ಕುಳಿತಲ್ಲೇ ಕುಳಿತಿತು. ಆಮೇಲೆ ಚೆಂಡನ್ನು ಅಂಚಿನುದ್ದಕ್ಕೂ ಒದ್ದು ಉರುಳಿಸಿದರು. ಅದು ಹಿಂದೆ ನೀರಿನ ಗೆರೆ ಚಿಮ್ಮಿಸುತ್ತ ಹೋಗಿ, ಮೂಲೆ ಸೇರುವ ಮೊದಲೇ ಯಾರೋ ಹಿಡಿದು ನಿಲ್ಲಿಸಿದಂತೆ ನಿಂತುಬಿಟ್ಟಿತು. ಅಂದು ಪಂದ್ಯ ನಡೆಯಲಿಲ್ಲ.

ಮಧ್ಯಾಹ್ನ 3ಕ್ಕೆ ಶುರುವಾಗುವ ಪಂದ್ಯಕ್ಕೆ ಬೆಳಿಗ್ಗೆ 10ರಿಂದಲೇ ಕ್ಲಬ್ಬಿನ ಸಾಮಾಜಿಕ ಜಾಲತಾಣದ ಪುಟವನ್ನು ನೋಡುತ್ತಿರಿ, ಎದುರಾಳಿ ಕ್ಲಬ್ಬಿನದನ್ನೂ ನೋಡಿ, ಏಕೆಂದರೆ ದೂರದಿಂದ ಬಸ್ಸಿನಲ್ಲಿ ಹೊರಡಬೇಕಾದವರು ಅವರೇ ಆದ್ದರಿಂದ ಕೆಲವೊಮ್ಮೆ ಸುದ್ದಿ ಅಲ್ಲಿಯೇ ಮೊದಲು ಬರುತ್ತದೆ. ಬೆಳಗಿನ ಪರೀಕ್ಷೆಯಲ್ಲಿ ಪಾಸಾದ ಮಾತ್ರಕ್ಕೆ ನಿಶ್ಚಿಂತೆಯಿಲ್ಲ. ಒಮ್ಮೆ ನಾನು ಎರಡು ರೈಲು ಬದಲಿಸಿ ಹೋಗಿ, ಗೇಟಿಗೆ ಅಂಟಿಸಿದ ನೆನೆದ ಚೀಟಿಯನ್ನು ಓದಿ ಮರಳಿದ್ದೇನೆ. ಶುರುವಾದ ಪಂದ್ಯ ಮಳೆಗೆ ಅರ್ಧದಲ್ಲಿ ನಿಂತರೆ, ಟೂರ್ನಿಯ ನಿಯಮ ಬೇರೆ ಹೇಳದಿದ್ದಲ್ಲಿ, ಅದನ್ನು ಮೊದಲಿನಿಂದ ಮತ್ತೆ ಆಡಬೇಕು. ಆದ್ದರಿಂದ ಟಿಕೆಟ್ ಬಿಸಾಡಬೇಡಿ.

ಈ ತಾಪತ್ರಯವೇ ಬೇಡವೆಂದರೆ 3ಜಿ ಎಂದು ಕರೆಯುವ ಕೃತಕ ಹುಲ್ಲಿನ ಮೈದಾನವಿರುವ ಕ್ಲಬ್ ಆರಿಸಿಕೊಳ್ಳಿ. ಮೇಡ್‌ಸ್ಟೋನ್ ಯುನೈಟೆಡ್ 2012ರಲ್ಲಿ ತೆರೆದ ಮೈದಾನ ಅಂಥದ್ದು. ವಿಚಿತ್ರವೆಂದರೆ ಮೇಲಿನ ನಾಲ್ಕು ಹಂತಗಳಲ್ಲಿ ಇದಕ್ಕೆ ಅನುಮತಿಯಿಲ್ಲ. ಸಟನ್ ಯುನೈಟೆಡ್ 2021ರಲ್ಲಿ ನಾಲ್ಕನೆಯ ಹಂತಕ್ಕೆ ಬಡ್ತಿ ಪಡೆದಾಗ ಚೆನ್ನಾಗಿದ್ದ ಕೃತಕ ಹಾಸನ್ನು ಕಿತ್ತು ಹುಲ್ಲು ಹಾಕಬೇಕಾಯಿತು.

ಆದರೂ ನನ್ನ ಮತ ಕೆಸರಿಗೇ. ದೊಡ್ಡವರ ಕಾಲು ಹೂತುಹೋಗುವುದು ಅಲ್ಲಿಯೇ. ಸದರ್ನ್ ಲೀಗ್ ಎಂಬ ನಾನ್-ಲೀಗ್ ಟೂರ್ನಿಯಲ್ಲಿದ್ದ ಹೆರಿಫರ್ಡ್ ತಂಡವು ಮೊದಲ ದರ್ಜೆಯ ನ್ಯೂಕಾಸಲನ್ನು, ದೊಡ್ಡ ಸಣ್ಣ ಕ್ಲಬ್‌ಗಳೆರಡೂ ಆಡುವ ಎಫ್‌ಎ ಕಪ್ಪಿನಲ್ಲಿ 2-1ರಿಂದ ಸೋಲಿಸಿದ್ದು, ಮಳೆಯಿಂದಾಗಿ ಮತ್ತೆಮತ್ತೆ ಮುಂದೂಡಿಕೆಯಾಗಿ ಕೊನೆಗೆ 1972ರ ಫೆಬ್ರುವರಿ 5ರಂದು ನಡೆದ ಮರುಪಂದ್ಯದಲ್ಲಿ. ಹುಲ್ಲೇ ಕಾಣದಂತಿದ್ದ ಆ ಮೈದಾನದಲ್ಲಿ ರಾನಿ ರ್‍ಯಾಡ್‌ಫರ್ಡ್ ಸುಮಾರು 30 ಗಜ ದೂರದಿಂದ ಒದ್ದ ಚೆಂಡು ಗೋಲಿನ ಮೇಲ್ಮೂಲೆ ಸೇರಿ ಸಮವಾಯಿತು, ಹೆಚ್ಚುವರಿ ಅವಧಿಯಲ್ಲಿ ರಿಕಿ ಜಾರ್ಜ್ ಗೆಲುವಿನ ಗೋಲು ಹೊಡೆದರು.

ಮಗನ ಜೊತೆ ಹೋಗುತ್ತಿರುವುದರಿಂದ ಒಂದೆರಡು ಮಾತು. ಛತ್ರಿಗಿಂತ ಟೋಪಿಯಿರುವ ಮಳೆಯಂಗಿ ಮೇಲು, ಛತ್ರಿ ಬಿಡಿಸಿದರೆ ಹಿಂದಿನವರಿಗೆ ಆಟ ಕಾಣದು. ಅನೇಕ ಕಡೆ ವಿರಾಮದಲ್ಲಿ ಪ್ರೇಕ್ಷಕರು ತಮ್ಮ ತಂಡ ಗೋಲು ಹೊಡೆಯಬೇಕಾದ ತುದಿಗೆ ನಡೆದುಹೋಗುತ್ತಾರೆ. ಆ ತುದಿಗೆ ಮಾಡು ಇದೆಯೇ ಎಂದು ಮೊದಲೇ ನೋಡಿಕೊಳ್ಳಿ. ಚಳಿಗೆ ಎಲ್ಲರೂ ಹೀರುವ ಬಾವ್ರಿಲ್ ಎಂಬ ಬಿಸಿ ಪಾನೀಯ ಗೋಮಾಂಸದ ಸತ್ವದಿಂದ ಮಾಡಿದ್ದು, ತಿನ್ನದವರು ಚಹಾ ಕೇಳಿ ಪಡೆಯಿರಿ. ಚೀಲದಲ್ಲಿ ಇಬ್ಬರಿಗೂ ಒಣಗಿದ ಕಾಲುಚೀಲ ಇಟ್ಟುಕೊಳ್ಳಿ, ಆದರೆ ವಿರಾಮದಲ್ಲಿ ಬದಲಾಯಿಸಬೇಡಿ, ರೈಲು ಹತ್ತಿದ ಮೇಲೆ ಬದಲಾಯಿಸಿ.