ಡಿಬಗ್‌ನಲ್ಲಿ ಓಡುವ ಆ್ಯಪ್ ರಿಲೀಸ್‌ನಲ್ಲಿ ಏಕೆ ಬೀಳುತ್ತದೆ?

ಪ್ರಶ್ನೆ: ಕೋಟ್ಲಿನ್‌ನಲ್ಲಿ ಬರೆದ ನನ್ನ ಆಂಡ್ರಾಯ್ಡ್ ಆ್ಯಪ್ ಆಂಡ್ರಾಯ್ಡ್ ಸ್ಟುಡಿಯೋದಿಂದ (ಅಂದರೆ ಡಿಬಗ್ ಬಿಲ್ಡ್ ಆಗಿ) ಓಡಿಸಿದಾಗ ಯಾವ ತಕರಾರೂ ಇಲ್ಲದೆ ನಡೆಯುತ್ತದೆ. ಬಳಕೆದಾರರಿಗೆ ಹಂಚುವ ರಿಲೀಸ್ ಬಿಲ್ಡನ್ನು ಅದೇ ಫೋನಿಗೆ ಹಾಕಿದರೆ ಲಾಗಿನ್ ಆದ ಮರುಕ್ಷಣ ಕ್ರ್ಯಾಶ್ ಆಗುತ್ತದೆ. ಕೋಡ್‌ನಲ್ಲಿ ಒಂದಕ್ಷರವೂ ಬದಲಾಗಿಲ್ಲ. ದೋಷವನ್ನು ಎಲ್ಲಿ ಹುಡುಕಬೇಕು?

ಉತ್ತರ: ನೀವು ಬರೆದ ಕೋಡ್ ಬದಲಾಗಿಲ್ಲ ಎಂಬುದು ನಿಜ; ಆದರೆ ಫೋನಿನಲ್ಲಿ ಓಡುತ್ತಿರುವ ಕೋಡ್ ಅದಲ್ಲ. ರಿಲೀಸ್ ಬಿಲ್ಡ್‌ನಲ್ಲಿ ಮಿನಿಫೈ (ಕೋಡ್ ಕುಗ್ಗಿಸುವ) ಆಯ್ಕೆ ಚಾಲೂ ಇದ್ದರೆ ಆರ್‌8 ಎಂಬ ಸಾಧನ ನಡುವೆ ಪ್ರವೇಶಿಸುತ್ತದೆ. 2019ರಲ್ಲಿ ಬಂದ ಆಂಡ್ರಾಯ್ಡ್ ಗ್ರೇಡಲ್ ಪ್ಲಗಿನ್ (ಆ್ಯಪ್ ಬಿಲ್ಡ್ ಮಾಡುವ ಸಾಧನ) 3.4ರಿಂದ, ಇದೇ ಕೆಲಸ ಮಾಡುತ್ತಿದ್ದ ಪ್ರೊಗಾರ್ಡ್‌ನ ಜಾಗದಲ್ಲಿ ಕುಳಿತಿರುವ ಈ ಆರ್‌8, ಯಾರೂ ಕರೆಯದ ಕ್ಲಾಸು, ಫಂಕ್ಷನ್‌ಗಳನ್ನು ಕಿತ್ತುಹಾಕುತ್ತದೆ, ಉಳಿದವುಗಳ ಹೆಸರನ್ನು ಎ, ಬಿ, ಸಿ ಎಂದು ಮೊಟಕುಗೊಳಿಸುತ್ತದೆ ಮತ್ತು ಸಾಧ್ಯವಾದಲ್ಲೆಲ್ಲ ಒಂದರೊಳಗೆ ಇನ್ನೊಂದನ್ನು ಬೆಸೆಯುತ್ತದೆ. ‘ಯಾರೂ ಕರೆಯದ’ ಎಂಬ ತೀರ್ಮಾನವನ್ನು ಅದು ಕೋಡನ್ನು ಓದಿಯೇ ಮಾಡುತ್ತದೆ. ಆ್ಯಪ್ ಓಡುವಾಗ ರಿಫ್ಲೆಕ್ಷನ್ ಮೂಲಕ, ಅಂದರೆ ಹೆಸರು ಹಿಡಿದು ಹುಡುಕುವ ವಿಧಾನದಲ್ಲಿ, ಯಾರಾದರೂ ಆ ಕ್ಲಾಸನ್ನು ಕೇಳಿಕೊಂಡು ಬರಬಹುದು ಎಂಬುದು ಅದಕ್ಕೆ ಬಹುಮಟ್ಟಿಗೆ ಕಾಣುವುದಿಲ್ಲ.

ಲಾಗಿನ್ ಆದ ಮರುಕ್ಷಣವೇ ಕ್ರ್ಯಾಶ್ ಎಂದಿರುವುದರಿಂದ ನನ್ನ ಮೊದಲ ಅನುಮಾನ ಸರ್ವರ್‌ನಿಂದ ಬರುವ ಜೇಸನ್ (JSON, ಮಾಹಿತಿಯನ್ನು ಹೆಸರು-ಮೌಲ್ಯ ಜೋಡಿಗಳಾಗಿ ಬರೆಯುವ ರೂಪ) ಉತ್ತರವನ್ನು ಓದುವ ಭಾಗದ ಮೇಲೆ. ಅದನ್ನು ಓದಲು ನೀವು ಜಿಸನ್ (Gson) ಎಂಬ ಲೈಬ್ರರಿ ಬಳಸುತ್ತಿದ್ದೀರಿ ಎಂದಿಟ್ಟುಕೊಳ್ಳೋಣ. ಅದು ಜೇಸನ್‌ನಲ್ಲಿರುವ ‘ಯೂಸರ್‌ನೇಮ್’ ಎಂಬ ಕೀಲಿಗೆ ಅದೇ ಹೆಸರಿನ ಫೀಲ್ಡನ್ನು ನಿಮ್ಮ ಡೇಟಾ ಕ್ಲಾಸಿನಲ್ಲಿ ಹುಡುಕುತ್ತದೆ. ಆರ್‌8 ಆ ಫೀಲ್ಡಿಗೆ ಆಗಲೇ ‘ಎ’ ಎಂದು ಮರುನಾಮಕರಣ ಮಾಡಿರುವುದರಿಂದ ಹೊಂದಿಕೆ ಸಿಗುವುದಿಲ್ಲ. ಕಷ್ಟವೆಂದರೆ, ಜಿಸನ್ ಇಲ್ಲಿ ದೂರು ಹೇಳುವುದಿಲ್ಲ, ಫೀಲ್ಡನ್ನು ಸುಮ್ಮನೆ ಖಾಲಿ ಬಿಡುತ್ತದೆ. ನಲ್ (ಮೌಲ್ಯವೇ ಇಲ್ಲದ ಸ್ಥಿತಿ) ಆಗಲು ಸಾಧ್ಯವೇ ಇಲ್ಲ ಎಂದು ಕೋಟ್ಲಿನ್‌ನಲ್ಲಿ ನೀವು ಘೋಷಿಸಿದ್ದ ಫೀಲ್ಡ್‌ನೊಳಗೂ ಹೀಗೆ ನಲ್ ನುಸುಳಬಲ್ಲದು. ಆಮೇಲೆ ಎಲ್ಲೋ ಮೂರು ಪರದೆಗಳಾಚೆ, ಆ ಹೆಸರನ್ನು ತೋರಿಸಹೊರಟ ಅಮಾಯಕ ಸಾಲಿನಲ್ಲಿ ಆ್ಯಪ್ ಬೀಳುತ್ತದೆ, ನಾವು ಆ ಸಾಲನ್ನೇ ದಿಟ್ಟಿಸುತ್ತ ಕೂರುತ್ತೇವೆ. 2023ರ ಪ್ಲಗಿನ್ 8.0ರಿಂದ ಆರ್‌8ನ ಇನ್ನಷ್ಟು ಕಟುವಾಗಿ ಕತ್ತರಿಸುವ ಫುಲ್ ಮೋಡ್ ತಾನಾಗಿಯೇ ಚಾಲೂ ಆಗುವುದರಿಂದ, ಅದುವರೆಗೆ ಸರಿಯಿದ್ದ ಆ್ಯಪ್ ಬರೀ ಪ್ಲಗಿನ್ ಏರಿಸಿದ್ದಕ್ಕೆ ಮುಗ್ಗರಿಸುವುದೂ ಉಂಟು.

ಊಹೆಯನ್ನು ನಂಬುವ ಮೊದಲು ಸಾಕ್ಷ್ಯ ಬೇಕು. ರಿಲೀಸ್ ಬಿಲ್ಡ್ ಬಿದ್ದಾಗಲೂ ಲಾಗ್‌ಕ್ಯಾಟ್‌ನಲ್ಲಿ (ಆಂಡ್ರಾಯ್ಡ್ ಸ್ಟುಡಿಯೋದಲ್ಲಿ ಕಾಣುವ ಫೋನಿನ ದಾಖಲೆ) ಕ್ರ್ಯಾಶ್‌ನ ಸ್ಟ್ಯಾಕ್ ಟ್ರೇಸ್, ಅಂದರೆ ಯಾವ ಫಂಕ್ಷನ್‌ನಿಂದ ಯಾವುದಕ್ಕೆ ಹೋಗಿ ಬಿತ್ತೆಂಬ ಪಟ್ಟಿ, ಪೂರ್ತಿಯಾಗಿ ಬರುತ್ತದೆ. ಫೋನನ್ನು ಯುಎಸ್‌ಬಿ ಮೂಲಕ ಜೋಡಿಸಿದ್ದರೆ ಸಾಕು. ಅದರಲ್ಲಿ ಕಾಣುವ ಎ, ಬಿ ಹೆಸರುಗಳನ್ನು ಮೂಲ ಹೆಸರುಗಳಿಗೆ ತಿರುಗಿಸಲು, ಬಿಲ್ಡ್ ಫೋಲ್ಡರಿನ ಔಟ್‌ಪುಟ್ಸ್ ಒಳಗೆ ಸಿಗುವ ಮ್ಯಾಪಿಂಗ್ ಕಡತವನ್ನು ರಿಟ್ರೇಸ್ ಎಂಬ ಸಾಧನಕ್ಕೆ ಕೊಡಬೇಕು. ಪ್ರತಿ ಬಿಲ್ಡಿಗೂ ಈ ಕಡತ ಹೊಸದಾಗಿ ಬರೆಯಲ್ಪಡುತ್ತದೆ, ಹಳೆಯದು ಅಳಿಸಿಹೋಗುತ್ತದೆ. ಆದ್ದರಿಂದ ಹಂಚಿದ ಪ್ರತಿ ಆವೃತ್ತಿಯ ಮ್ಯಾಪಿಂಗನ್ನೂ ಬೇರೆಡೆ ಎತ್ತಿಡಿ. ಎತ್ತಿಡದೆ ಎರಡು ದಿನ ಕತ್ತಲಲ್ಲಿ ತಡಕಾಡಿದ್ದು ನನಗಿನ್ನೂ ನೆನಪಿದೆ.

ಇದಾದ ಮೇಲೆ ಒಂದೇ ಒಂದು ಪ್ರಯೋಗ ಮಾಡಿ: ಬೇರೇನನ್ನೂ ಮುಟ್ಟದೆ, ರಿಲೀಸ್‌ನಲ್ಲಿ ಮಿನಿಫೈ ಮತ್ತು ಅದನ್ನು ಅವಲಂಬಿಸಿದ ರಿಸೋರ್ಸ್ ಶ್ರಿಂಕಿಂಗ್ (ಬಳಕೆಯಾಗದ ಚಿತ್ರ ಮುಂತಾದವನ್ನು ತೆಗೆಯುವ ಆಯ್ಕೆ) ಎರಡನ್ನೂ ಆಫ್ ಮಾಡಿ ಬಿಲ್ಡ್ ಮಾಡಿ. ಕ್ರ್ಯಾಶ್ ನಿಂತರೆ ಕಾರಣ ಕೋಡ್ ಕುಗ್ಗಿಸುವಿಕೆಯಲ್ಲಿದೆ; ನಿಲ್ಲದಿದ್ದರೆ ಆರ್‌8 ನಿರಪರಾಧಿ. ಈ ಪ್ರಯೋಗದ ಬದಲು ರಿಲೀಸ್ ಬಿಲ್ಡನ್ನೇ ಡಿಬಗ್ಗಬಲ್ (ದೋಷ ಹುಡುಕಲು ತೆರೆದಿಟ್ಟದ್ದು) ಎಂದು ಗುರುತಿಸುವ ಅಡ್ಡದಾರಿ ಬೇಡ, ಏಕೆಂದರೆ ಆಗ ಆರ್‌8 ಕೆಲಸ ಮಾಡುವ ರೀತಿಯೇ ಬದಲಾಗಿ, ಹಿಡಿಯಬೇಕಾದ ದೋಷವೇ ಮರೆಯಾಗಬಹುದು.

ಅಪರಾಧಿ ಆರ್‌8 ಎಂದಾದರೆ, ಎಲ್ಲ ಕ್ಲಾಸುಗಳನ್ನೂ ಉಳಿಸು ಎಂಬ ಒಂದು ಸಾಲಿನ ಕೀಪ್ ನಿಯಮ (ಇದನ್ನು ಮುಟ್ಟಬೇಡ ಎಂದು ಆರ್‌8ಗೆ ಹೇಳುವ ಸೂಚನೆ) ಬರೆದು ಕೈತೊಳೆದುಕೊಳ್ಳುವ ಸಲಹೆಯನ್ನು ಹಲವರು ಕೊಡುತ್ತಾರೆ. ಅದು ಕೆಲಸ ಮಾಡುತ್ತದೆ, ಆದರೆ ಇಲಿಗೆ ಹೆದರಿ ಮನೆ ಸುಟ್ಟ ಹಾಗೆ: ಕುಗ್ಗಿಸುವುದರ ಲಾಭವೆಲ್ಲ ಹೋಗುತ್ತದೆ. ಜೇಸನ್ ಓದುವ ಫೀಲ್ಡ್‌ಗಳಿಗೆ ಜೇಸನ್‌ನಲ್ಲಿರುವ ಹೆಸರನ್ನು ನೇರವಾಗಿ ಹೇಳುವ ಸೀರಿಯಲೈಸ್ಡ್‌ನೇಮ್ ಗುರುತು ಹಾಕುವುದು, ಆ ಡೇಟಾ ಕ್ಲಾಸುಗಳಿರುವ ಒಂದು ಪ್ಯಾಕೇಜಿಗೆ ಮಾತ್ರ ಕೀಪ್ ನಿಯಮ ಬರೆಯುವುದು ಸಾಕು. ಹೊಸ ಆ್ಯಪ್ ಆಗಿದ್ದರೆ, ರಿಫ್ಲೆಕ್ಷನ್ನಿನ ಹಂಗಿಲ್ಲದೆ ಕಂಪೈಲ್ ಹಂತದಲ್ಲೇ ಕೋಡ್ ಹುಟ್ಟಿಸುವ ಕೋಟ್ಲಿನ್ ಸೀರಿಯಲೈಸೇಶನ್ ಕಡೆಗೆ ಹೋಗುವುದನ್ನೇ ನಾನು ಒಪ್ಪುತ್ತೇನೆ.

ಮಿನಿಫೈ ಆಫ್ ಮಾಡಿದರೂ ಬೀಳುತ್ತಿದ್ದರೆ, ಡಿಬಗ್ ಫೋಲ್ಡರಿಗೆಂದೇ ಇರುವ ಮ್ಯಾನಿಫೆಸ್ಟನ್ನು (ಆ್ಯಪಿನ ಅನುಮತಿಗಳನ್ನು ಘೋಷಿಸುವ ಕಡತ) ತೆರೆದು ನೋಡಿ. ಫ್ಲಟರ್ (ಆ್ಯಪ್ ಕಟ್ಟುವ ಇನ್ನೊಂದು ಚೌಕಟ್ಟು) ಪ್ರಾಜೆಕ್ಟುಗಳಲ್ಲಿ ಇಂಟರ್ನೆಟ್ ಅನುಮತಿ ಅಲ್ಲಿ ಮಾತ್ರ ಇದ್ದು, ರಿಲೀಸ್‌ಗೆ ಅದು ದಾಟಿ ಬರದಿರುವುದು ಹಳೆಯ ಕಥೆ. ಆಂಡ್ರಾಯ್ಡ್ 9ರಿಂದ ಎಚ್‌ಟಿಟಿಪಿ ವಿಳಾಸಗಳಿಗೆ ಇರುವ ತಡೆಯನ್ನು ಡಿಬಗ್‌ನಲ್ಲಿ ಮಾತ್ರ ಸಡಿಲಿಸಿದ್ದರೂ ಇದೇ ಪಾಡು. ಇನ್ನು, ನಿಮ್ಮ ಕೈಯಲ್ಲಿರುವ ರಿಲೀಸ್ ಸರಿಯಾಗಿ ಓಡಿ, ಪ್ಲೇ ಸ್ಟೋರಿನಿಂದ ಇಳಿಸಿಕೊಂಡದ್ದರಲ್ಲಿ ಮಾತ್ರ ಗೂಗಲ್ ಲಾಗಿನ್ ಕೈಕೊಟ್ಟರೆ, ಅಂಗಡಿಯಲ್ಲಿ ಆ್ಯಪಿಗೆ ಬೀಳುವ ಸಹಿ ನಿಮ್ಮ ಅಪ್‌ಲೋಡ್ ಕೀಲಿಯದ್ದಲ್ಲ, ಪ್ಲೇ ಆ್ಯಪ್ ಸೈನಿಂಗ್‌ನ ಕೀಲಿಯದ್ದು ಎಂಬುದನ್ನು ನೆನೆಯಿರಿ. ಅದರ ಎಸ್‌ಎಚ್‌ಎ-1 ಬೆರಳಚ್ಚು (ಕೀಲಿಯನ್ನು ಗುರುತಿಸುವ ಅಂಕೆ-ಅಕ್ಷರಗಳ ಸಾಲು) ಪ್ಲೇ ಕನ್ಸೋಲ್‌ನಲ್ಲೇ ಸಿಗುತ್ತದೆ, ಅದನ್ನೂ ನಿಮ್ಮ ಗೂಗಲ್ ಕ್ಲೌಡ್ ಅಥವಾ ಫೈರ್‌ಬೇಸ್ ಪ್ರಾಜೆಕ್ಟಿನಲ್ಲಿ ಸೇರಿಸಬೇಕು.