ಪೆಟ್ರೋಲಾ, ಕರೆಂಟಾ? ಟ್ಯಾಂಕಿನೊಳಗೆ ಆಗಲೇ ಬಂದಿರುವ ಮೂರನೆಯದು

ಕಲಬುರಗಿಯ ಗ್ಯಾರೇಜುಗಳಲ್ಲಿ ಈಗ ಎರಡು ಪ್ರಶ್ನೆ ಒಟ್ಟಿಗೇ ಬರುತ್ತವೆ. ಮುಂದಿನ ಗಾಡಿ ಪೆಟ್ರೋಲಿನದಾ, ಕರೆಂಟಿನದಾ? ಇರುವ ಗಾಡಿ ಯಾಕೆ ಮೊದಲಿನಷ್ಟು ಮೈಲೇಜ್ ಕೊಡುತ್ತಿಲ್ಲ? ಮೊದಲನೆಯದರ ಬಗ್ಗೆ ಮಾತು ಜಾಸ್ತಿ, ಆದರೆ ಎರಡನೆಯದರ ಕಥೆ ಉದ್ದ. ಪೆಟ್ರೋಲಿಗೆ ಬದಲಿ ಮುಂದೆಂದೋ ಬರುತ್ತದೆ ಅಂತ ಕಾಯುತ್ತಿದ್ದೇವೆ. ಆದರೆ ಟ್ಯಾಂಕಿನ ಐದನೇ ಒಂದು ಪಾಲು ಆಗಲೇ ಎಥನಾಲ್, ಅಂದರೆ ಕಬ್ಬು, ಧಾನ್ಯದಿಂದ ಮಾಡುವ ಆಲ್ಕೊಹಾಲ್ ಆಗಿದೆ.

ಪೆಟ್ರೋಲಿಗೆ ಆಲ್ಕೊಹಾಲ್ ಬೆರೆಸುವುದು ಹೊಸದೇನಲ್ಲ. 1948ರಲ್ಲೇ ಕೇಂದ್ರ ಸರ್ಕಾರ ಪವರ್ ಆಲ್ಕೊಹಾಲ್ ಕಾಯ್ದೆ ತಂದಿತ್ತು. ಈ ಭಾಗ ಆಗಿನ್ನೂ ನಿಜಾಮರ ಕೈಯಲ್ಲಿತ್ತು. ಆಮೇಲೆ ಎಲ್ಲರೂ ಮರೆತರು, 2000ದಲ್ಲಿ ಕಾಯ್ದೆಯನ್ನೇ ರದ್ದು ಮಾಡಿದರು. ತಮಾಷೆ ಅಂದರೆ 2003ರಲ್ಲಿ ಶೇ 5ರಷ್ಟು ಎಥನಾಲ್ ಬೆರೆಸುವ ಯೋಜನೆ ಮತ್ತೆ ಶುರುವಾಯಿತು. ನಡುವೆ ಬೀಜದ ಎಣ್ಣೆಯಿಂದ ಡೀಸೆಲಿಗೆ ಬದಲಿ ಮಾಡಲು ಜತ್ರೋಫ, ಹೊಂಗೆ ಅಂತ ಹೊಲದ ಬದುವಿನ ಮೇಲೆ ಗಿಡ ಹಚ್ಚಿದ್ದೂ ಆಯಿತು. 2014ರ ಹೊತ್ತಿಗೂ ಬೆರಕೆ ಶೇ 1.5ರ ಆಸುಪಾಸಿನಲ್ಲೇ ಇತ್ತು.

ದಿಕ್ಕು ಬದಲಾಗಿದ್ದು 2018ರ ಜೈವಿಕ ಇಂಧನ ನೀತಿಯಿಂದ. ಆಗ ದೇಶದಲ್ಲಿ ಸಕ್ಕರೆ ಬೇಕಾದ್ದಕ್ಕಿಂತ ಜಾಸ್ತಿ ಬಿದ್ದಿತ್ತು. ಕಾರ್ಖಾನೆಗಳಿಂದ ರೈತರಿಗೆ ಕಬ್ಬಿನ ಬಿಲ್ ಬರುತ್ತಿರಲಿಲ್ಲ. ಸಕ್ಕರೆ ತೆಗೆದ ಮೇಲೆ ಉಳಿಯುವ ಕಾಕಂಬಿಯಿಂದ ಮಾತ್ರವಲ್ಲ, ನೇರ ಕಬ್ಬಿನ ಹಾಲಿನಿಂದ, ಹಾಳಾದ ಧಾನ್ಯದಿಂದಲೂ ಎಥನಾಲ್ ಮಾಡಬಹುದು ಎಂದಾಯಿತು. ಅಫಜಲಪುರ, ಆಳಂದ, ಭಾಲ್ಕಿ, ಹುಮನಾಬಾದ್ ಕಡೆಯ ಕಬ್ಬಿನ ರೈತರಿಗೆ ಇದು ಒಳ್ಳೆ ಸುದ್ದಿಯಾಗಿಯೇ ಕೇಳಿಸಿತು. ಸಕ್ಕರೆ ಗೋದಾಮಿನಲ್ಲಿ ಕೊಳೆತರೂ ಎಥನಾಲ್ ಮಾರಿದ ದುಡ್ಡಲ್ಲಿ ಬಿಲ್ ಕೊಡುತ್ತಾರೆ ಎಂಬ ಆಸೆ. ಇದು ತೊಗರಿಯ ಸೀಮೆ ಅನ್ನುವುದನ್ನೂ ಮರೆಯುವಂತಿಲ್ಲ. ತೊಗರಿ ಮಳೆ ನಂಬಿ ಬೆಳೆಯುತ್ತದೆ. ಕಬ್ಬಿಗೆ ವರ್ಷವಿಡೀ ಭೀಮಾ ಅಥವಾ ಕಾರಂಜಾದ ನೀರು ಬೇಕು. ಗಾಡಿ ಓಡಿಸಲು ಎಷ್ಟು ನೀರು ಕೊಡಬೇಕು ಅಂತ ಇಲ್ಲಿ ಯಾರೂ ಗಟ್ಟಿಯಾಗಿ ಕೇಳಲಿಲ್ಲ.

ಆಮೇಲೆ ಎಲ್ಲವೂ ಓಟದಲ್ಲಿ ನಡೆಯಿತು. ಶೇ 20ರ ಗುರಿ ಇದ್ದದ್ದು 2030ಕ್ಕೆ, ಅದನ್ನು 2025ಕ್ಕೆ ಎಳೆದರು. 2022ರ ಜೂನ್‌ಗೆ ಶೇ 10 ಮುಟ್ಟಿತು. 2023ರ ಫೆಬ್ರುವರಿ 6ರಂದು ಬೆಂಗಳೂರಿನಲ್ಲಿ ಇ20, ಅಂದರೆ ಶೇ 20 ಎಥನಾಲ್ ಬೆರೆತ ಪೆಟ್ರೋಲ್ ಬಿಡುಗಡೆ. 2025ರ ಹೊತ್ತಿಗೆ ಬಂಕಿನಲ್ಲಿ ಸಾಮಾನ್ಯವಾಗಿ ಸಿಗುವುದೇ ಅದು, ಆಯ್ಕೆ ಅಂತ ಹೆಚ್ಚೇನೂ ಉಳಿಯಲಿಲ್ಲ.

ಎಥನಾಲಿನಲ್ಲಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಪಾಲು ಶಕ್ತಿ ಕಡಿಮೆ. ಹಾಗಾಗಿ ಮೈಲೇಜ್ ಇಳಿಯುವುದು ಲೆಕ್ಕಕ್ಕೆ ಸರಿಯೇ. 2021ರ ನೀತಿ ಆಯೋಗದ ವರದಿಯೇ ಇದನ್ನು ಹೇಳಿತ್ತು. ಬೆರಕೆಯಿಲ್ಲದ ಪೆಟ್ರೋಲಿಗೆಂದು ಮಾಡಿ, ಶೇ 10ಕ್ಕೆ ಹೊಂದಿಸಿದ ಕಾರುಗಳಲ್ಲಿ ಇ20 ಹಾಕಿದರೆ ಶೇ 6–7, ಅಂಥದೇ ಬೈಕುಗಳಲ್ಲಿ ಶೇ 3–4 ಇಳಿಕೆ. ಹಳೆ ಗಾಡಿಗಳಿಗೆ ಇ10 ಸಿಗುತ್ತಿರಲಿ, ಬೆಲೆಯಲ್ಲೂ ಏನಾದರೂ ಸಮಾಧಾನ ಕೊಡಿ ಎಂದೂ ಅದೇ ವರದಿ ಸಲಹೆ ಮಾಡಿತ್ತು. ಬೆರಕೆ ಬಂತು, ಸಲಹೆ ಜಾರಿಗೆ ಬರಲಿಲ್ಲ. 2025ರಲ್ಲಿ ಎಥನಾಲಿನ ಸರಾಸರಿ ಖರೀದಿ ಬೆಲೆಯೇ ಲೀಟರಿಗೆ 71 ರೂಪಾಯಿ ದಾಟಿದೆ, ಹಾಗಾಗಿ ಅಗ್ಗ ಮಾಡಲಾಗದು ಎಂದು ವಿವರಣೆ ಬಂತು. ಆಯ್ಕೆ ಕೊಡಿ ಎಂದು ಸುಪ್ರೀಂ ಕೋರ್ಟಿಗೆ ಹೋದ ಅರ್ಜಿ ಅದೇ ವರ್ಷದ ಸೆಪ್ಟೆಂಬರ್ 1ರಂದು ವಜಾ ಆಯಿತು.

ನಮ್ಮ ಕಡೆ ಇದು ಸ್ವಲ್ಪ ಜಾಸ್ತಿಯೇ ತಟ್ಟುತ್ತದೆ. ಇಲ್ಲಿನ ಹಳ್ಳಿಗಳಲ್ಲಿ ಓಡುವ ಬೈಕುಗಳಲ್ಲಿ 2020ಕ್ಕೂ ಮೊದಲಿನ ಕಾರ್ಬೊರೇಟರ್ ಗಾಡಿಗಳು ಬೇಕಾದಷ್ಟಿವೆ. ಎಥನಾಲ್ ನೀರು ಹೀರುತ್ತದೆ. ಗಾಡಿ ಬಹಳ ದಿನ ನಿಂತರೆ ನೀರು ಟ್ಯಾಂಕಿನ ತಳದಲ್ಲಿ ಬೇರೆಯಾಗಿ ಕೂರಬಹುದು. ಹಳೆ ರಬ್ಬರ್ ಪೈಪು, ವಾಷರು ಉಬ್ಬಿ ಬಿರಿಯಬಹುದು. ಬೆಳಿಗ್ಗೆ ಕಿಕ್ ಹೊಡೆದು ಸುಸ್ತಾದವನಿಗೆ ದೇಶದ ತೈಲ ಆಮದು ಕಡಿಮೆಯಾಯಿತು ಅಂದರೆ ಏನು ಸಮಾಧಾನ?

ಕಬ್ಬಿನ ರೈತನಿಗಾದರೂ ಎಲ್ಲ ನೆಟ್ಟಗಾಯಿತಾ? ಮಳೆ ಕೈಕೊಟ್ಟ 2023ರ ಡಿಸೆಂಬರ್‌ನಲ್ಲಿ ಕಬ್ಬಿನ ಹಾಲಿನಿಂದ ಎಥನಾಲ್ ಮಾಡುವುದಕ್ಕೆ ಕಡಿವಾಣ ಬಿತ್ತು. ಈಗ ದೇಶದ ಎಥನಾಲಿನಲ್ಲಿ ಹೆಚ್ಚಿನ ಪಾಲು ಮೆಕ್ಕೆಜೋಳ, ಅಕ್ಕಿಯದು. 2025ರ ನವೆಂಬರ್‌ನಲ್ಲಿ ಬೆಳಗಾವಿ ಕಡೆ ರೈತರು ಟನ್ನಿಗೆ 3,500 ರೂಪಾಯಿ ಕೇಳಿ ರಸ್ತೆಗಿಳಿದರು. ಆಗ ತೈಲ ಕಂಪನಿಗಳು ರಾಜ್ಯದಿಂದ ಕೊಳ್ಳುವ ಎಥನಾಲಿನ ಪಾಲೇ ಕಡಿಮೆ ಎಂಬ ಮಾತು ಮತ್ತೆ ಎದ್ದಿತು.

ಇನ್ನು ಕರೆಂಟಿನ ಗಾಡಿ. 2001ರಲ್ಲಿ ಬೆಂಗಳೂರಿನ ರೇವಾ ಕಾರು, 2017ರಲ್ಲಿ ಕರೆಂಟಿನ ಗಾಡಿಗಳಿಗೆಂದೇ ರಾಜ್ಯದ ಇವಿ ನೀತಿ, 2019ರಿಂದ 2024ರ ಮಾರ್ಚ್‌ವರೆಗೆ ಇಂಥ ಗಾಡಿಗಳಿಗೆ ಕೇಂದ್ರದ ಫೇಮ್-2 ಸಬ್ಸಿಡಿ. 2022ರಲ್ಲಿ ಸ್ಕೂಟರ್‌ಗಳಿಗೆ ಬೆಂಕಿ ಬಿದ್ದ ಮೇಲೆ ಬ್ಯಾಟರಿ ನಿಯಮ ಬಿಗಿಯಾಯಿತು, 2023ರ ಜೂನ್‌ನಲ್ಲಿ ಸ್ಕೂಟರ್ ಸಬ್ಸಿಡಿ ಇಳಿಯಿತು. ಊರೊಳಗೆ ಓಡಾಡುವವರಿಗೆ ಲೆಕ್ಕ ಹೊಂದುತ್ತದೆ, ಅದರಲ್ಲಿ ಅನುಮಾನವಿಲ್ಲ. ಆದರೆ ಮೇ ತಿಂಗಳ 43 ಡಿಗ್ರಿ ಬಿಸಿಲಲ್ಲಿ ಓಡಿಸಿ ತಂದ ಗಾಡಿಯನ್ನು ತಣಿಯುವ ಮೊದಲೇ ಚಾರ್ಜಿಗೆ ಹಾಕಿದರೆ ಬ್ಯಾಟರಿ ಬೇಗ ಸವೆಯುತ್ತದೆ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಸೆಕೆಯನ್ನು ಸ್ವಲ್ಪ ಚೆನ್ನಾಗಿ ತಡೆಯುತ್ತದೆ, ಖರೀದಿಸುವಾಗ ಕೇಳಿ. ಸ್ವಂತ ಮನೆ ಇದ್ದವರು ರಾತ್ರಿ ಪ್ಲಗ್ ಹಾಕುತ್ತಾರೆ. ಮೇಲ್ಮಹಡಿಯ ಬಾಡಿಗೆ ಮನೆಯಲ್ಲಿದ್ದು ಗಾಡಿಯನ್ನು ಓಣಿಯಲ್ಲಿ ನಿಲ್ಲಿಸುವವರು ವೈರ್ ಎಲ್ಲಿಂದ ಎಳೆಯಬೇಕು?

ಅಂಥವರು ಸದ್ಯ ಸೆಕೆಂಡ್ ಹ್ಯಾಂಡ್ ಪೆಟ್ರೋಲ್ ಗಾಡಿಯನ್ನೇ ಹುಡುಕುತ್ತಾರೆ. ಹುಡುಕುವಾಗ ಆರ್‌ಸಿಯಲ್ಲಿ ಗಾಡಿ ತಯಾರಾದ ತಿಂಗಳು ನೋಡಿ. 2023ರ ಏಪ್ರಿಲ್ ನಂತರದ್ದಾದರೆ ಪೈಪು, ವಾಷರುಗಳು ಇ20 ತಡೆಯುವಂಥವು. ಅದಕ್ಕೂ ಹಳೆಯದಾದರೆ ಮಾಲೀಕರ ಕೈಪಿಡಿಯಲ್ಲಿ ಇ10 ಎಂದಿದೆಯೋ ಇ20 ಎಂದಿದೆಯೋ ನೋಡಿ, ರೇಟು ಆಮೇಲೆ ಮಾತಾಡಿ.